ಗೋಧಿಯ ಮೊಳಕೆಯಿಂದ ಎರಡು ಗೆರೆಗಳವರೆಗೆ: ಗರ್ಭ ಪರೀಕ್ಷೆ ನಡೆದುಬಂದ ದಾರಿ



ಚನ್ನಪಟ್ಟಣದ ಯಾವುದಾದರೂ ಒಂದು ಗಲ್ಲಿಯ ಒಂದು ಮನೆಯನ್ನು ನೆನಪಿಗೆ ತಂದುಕೊಳ್ಳಿ. ಬೆಳಗಿನ ಜಾವ. ಅತ್ತೆ ಫಜರ್ ನಮಾಜು ಮುಗಿಸಿ ಚಹಾಕ್ಕೆ ನೀರಿಡುತ್ತಿದ್ದಾರೆ. ಮದುವೆಯಾಗಿ ಏಳೆಂಟು ತಿಂಗಳಾದ ಸೊಸೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡಿದ್ದಾಳೆ. ಹಿಂದಿನ ದಿನ ಆಶಾ ಕಾರ್ಯಕರ್ತೆ ಕೊಟ್ಟುಹೋದ ಬೆರಳುದ್ದದ ಪ್ಲಾಸ್ಟಿಕ್ ಕಾರ್ಡು ಅವಳ ಮುಂದಿದೆ. ಅದರ ಗುಂಡಿಗೆ ಎರಡು ಮೂರು ಹನಿ ಮೂತ್ರ ಹಾಕಿ ಐದು ನಿಮಿಷ ಕಾಯುತ್ತಾಳೆ. ಮೂಡುವುದು ಒಂದು ಗೆರೆಯೋ, ಎರಡು ಗೆರೆಯೋ? ಮನೆಯಲ್ಲಿ ಯಾರಿಗೂ ತಿಳಿಯದ ಒಂದು ಸುದ್ದಿ ಮೊದಲು ಅವಳಿಗೇ ತಿಳಿಯಲಿದೆ.

ಸಂಸ್ಥೆಯ ವಾರ್ಷಿಕ ಸಂಚಿಕೆಯಲ್ಲಿ ಬರೆಯುವ ವಿಷಯವೇ ಇದು ಎಂದು ಕೆಲವರು ಹುಬ್ಬೇರಿಸಬಹುದು. ದಯವಿಟ್ಟು ಪುಟ ತಿರುಗಿಸಬೇಡಿ. ವಿಮಾನದ ಚರಿತ್ರೆಯನ್ನು, ರೈಲಿನ ಚರಿತ್ರೆಯನ್ನು ನಾವು ಶಾಲೆಯಲ್ಲಿ ಓದುತ್ತೇವೆ. ಪ್ರತಿ ಮನೆಯ ಬಚ್ಚಲಿಗೂ ಬಂದಿರುವ ಈ ಚಿಕ್ಕ ಕಾರ್ಡಿಗೂ ಒಂದು ದೊಡ್ಡ ಚರಿತ್ರೆಯಿದೆ. ಅದರಲ್ಲಿ ಈಜಿಪ್ಟಿನ ರೈತರ ಧಾನ್ಯವಿದೆ, ಬುಖಾರಾದ ಹಕೀಮರ ಗಾಜಿನ ಪಾತ್ರೆಯಿದೆ, ಬರ್ಲಿನ್ನಿನ ಇಲಿಗಳಿವೆ, ಆಫ್ರಿಕಾದ ಕಪ್ಪೆಗಳಿವೆ, ಅಮೆರಿಕದ ಒಬ್ಬ ಚಿತ್ರಕಲಾವಿದೆಯ ಛಲವಿದೆ. ಕೊನೆಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹಳ್ಳಿ ದಾರಿಗಳಲ್ಲಿ ಚೀಲ ಹೊತ್ತು ನಡೆಯುವ ಆಶಾ ಅಕ್ಕಂದಿರೂ ಇದ್ದಾರೆ. ಹೆಣ್ಣಿನ ದೇಹದ ಸುದ್ದಿಯನ್ನು ಸಾವಿರಾರು ವರ್ಷ ಬೇರೆಯವರು ನೋಡಿ ಅವಳಿಗೆ ಹೇಳುತ್ತಿದ್ದರು. ಅದನ್ನು ಅವಳೇ ನೋಡಿ ಬೇರೆಯವರಿಗೆ ಹೇಳುವ ಕಾಲ ಹೇಗೆ ಬಂತು ಎಂಬುದೇ ಈ ಲೇಖನದ ವಿಷಯ.

ದಿನ ಎಣಿಸುವ ಕಾಲ

ಪರೀಕ್ಷೆಗಳಿಲ್ಲದ ಕಾಲದಲ್ಲಿ ನಮ್ಮ ಅಜ್ಜಿಯರಿಗೆ ಇದ್ದ ಆಧಾರ ಬೆರಳೆಣಿಕೆ. ತಿಂಗಳು ತಪ್ಪಿತೆಂದರೆ ಅನುಮಾನ, ಎರಡನೆಯ ತಿಂಗಳೂ ತಪ್ಪಿದರೆ ನಂಬಿಕೆ, ಬೆಳಗಿನ ವಾಕರಿಕೆ ಮತ್ತು ಹುಳಿ ತಿನ್ನುವ ಬಯಕೆ ಬಂದರೆ ಸುದ್ದಿ, ಮಗು ಹೊಟ್ಟೆಯಲ್ಲಿ ಮಿಸುಕಾಡಿದ ಮೇಲೆ ಖಾತ್ರಿ. ಮಗು ಮಿಸುಕಿದ್ದು ತಾಯಿಗೆ ತಿಳಿಯಲು ನಾಲ್ಕೈದು ತಿಂಗಳಾಗುತ್ತದೆ. ಅಂದರೆ ಬಸುರಿನ ಅರ್ಧ ದಾರಿ ಅನುಮಾನದಲ್ಲೇ ಕಳೆಯುತ್ತಿತ್ತು.

ಆದ್ದರಿಂದಲೇ ನಮ್ಮ ಭಾಷೆಗಳಲ್ಲಿ ಈ ಸುದ್ದಿಯನ್ನು ನೇರವಾಗಿ ಹೇಳುವ ರೂಢಿ ಕಡಿಮೆ. ಕನ್ನಡದ ಮನೆಗಳಲ್ಲಿ 'ದಿನ ನಿಂತಿದೆಯಂತೆ' ಎನ್ನುತ್ತಾರೆ. ಉರ್ದು ಮನೆಮಾತಿನವರು 'ಪಾಂವ್ ಭಾರಿ ಹೈ' ಎನ್ನುತ್ತಾರೆ, ಕಾಲು ಭಾರವಾಗಿದೆ ಎಂದು ಅದರ ಅರ್ಥ. ಖಾತ್ರಿಯಿಲ್ಲದ ಮಾತನ್ನು ಬಾಯಿಬಿಟ್ಟು ಹೇಳಬಾರದೆಂಬ ಎಚ್ಚರ ಈ ನುಡಿಗಟ್ಟುಗಳಲ್ಲಿದೆ.

ಖಾತ್ರಿ ಬೇಕಾದಾಗ ಸೂಲಗಿತ್ತಿಯನ್ನು ಕರೆಸುತ್ತಿದ್ದರು. ಅವಳ ಜ್ಞಾನ ಕೈಬೆರಳುಗಳಲ್ಲಿತ್ತು. ನಮ್ಮ ನೆರೆಯ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಅವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು, ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಇಂಥ ಕೈಗಳನ್ನು ನಾವು ಗೌರವದಿಂದಲೇ ನೆನೆಯಬೇಕು. ಆದರೆ ಎಷ್ಟೇ ಪಳಗಿದ ಕೈಯಾದರೂ ಮೊದಲ ವಾರಗಳ ಬಸುರನ್ನು ಮುಟ್ಟಿ ಖಚಿತವಾಗಿ ಹೇಳಲಾರದು.

ನೈಲ್ ನದಿ ತೀರದ ಗೋಧಿ

ಬರಹದಲ್ಲಿ ಉಳಿದಿರುವ ಅತಿ ಹಳೆಯ ಗರ್ಭ ಪರೀಕ್ಷೆಗಳಲ್ಲೊಂದು ಈಜಿಪ್ಟಿನದು. ಸುಮಾರು 3,300 ವರ್ಷಗಳ ಹಿಂದಿನ, ಈಗ ಬರ್ಲಿನ್ ಪ್ಯಾಪಿರಸ್ ಎಂದು ಹೆಸರಾದ ಬರಹದಲ್ಲಿ ಅದರ ವಿವರವಿದೆ. ಗೋಧಿ ಮತ್ತು ಬಾರ್ಲಿ ಕಾಳುಗಳ ಮೇಲೆ ಹೆಣ್ಣು ದಿನವೂ ಮೂತ್ರ ಹಾಕಬೇಕು. ಕಾಳು ಮೊಳೆತರೆ ಅವಳು ಬಸುರಿ. ಯಾವ ಕಾಳು ಮೊಳೆಯಿತು ಎಂಬುದರ ಮೇಲೆ ಹುಟ್ಟುವುದು ಗಂಡೋ ಹೆಣ್ಣೋ ಎಂದೂ ಹೇಳುತ್ತಿದ್ದರು.

ಇದು ಬರೀ ಮೂಢನಂಬಿಕೆಯೆಂದು ನಗುವ ಮೊದಲು ಒಂದು ಸಂಗತಿ ಕೇಳಿ. 1963ರಲ್ಲಿ ಈಜಿಪ್ಟಿನ ವೈದ್ಯ ಪೌಲ್ ಘಲಿಯುಂಗಿ ಮತ್ತು ಸಂಗಡಿಗರು ಈ ಹಳೆಯ ವಿಧಾನವನ್ನು ಪ್ರಯೋಗಶಾಲೆಯಲ್ಲಿ ಮಾಡಿ ನೋಡಿದರು. ಬಸುರಿಯರ ಮೂತ್ರ ಹಾಕಿದಾಗ ನೂರಕ್ಕೆ ಸುಮಾರು 70 ಬಾರಿ ಕಾಳು ಮೊಳೆಯಿತು. ಬಸುರಿಯಲ್ಲದವರ ಮೂತ್ರಕ್ಕೂ ಗಂಡಸರ ಮೂತ್ರಕ್ಕೂ ಮೊಳೆಯಲಿಲ್ಲ. ಗಂಡೋ ಹೆಣ್ಣೋ ಎಂಬ ಭಾಗ ಮಾತ್ರ ಪೂರ್ತಿ ಸುಳ್ಳಾಯಿತು. ಬಸುರಿಯ ಮೂತ್ರದಲ್ಲಿ ಬೇರೆ ಏನೋ ಒಂದು ಇರುತ್ತದೆ ಎಂಬ ಊಹೆ ಸರಿಯಾಗಿತ್ತು. ಆ 'ಏನೋ ಒಂದು' ಯಾವುದೆಂದು ತಿಳಿಯಲು ಮನುಷ್ಯ ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು.

ಹಕೀಮರ ಕಾರೂರಾ

ಈ ನಡುವಿನ ಕಾಲದಲ್ಲಿ ಮೂತ್ರ ಪರೀಕ್ಷೆಯನ್ನು ಒಂದು ಶಿಸ್ತಾಗಿ ಬೆಳೆಸಿದವರಲ್ಲಿ ಅರಬ್ಬಿ ಮತ್ತು ಪಾರಸಿ ಭಾಷೆಗಳಲ್ಲಿ ಬರೆದ ವೈದ್ಯರು ಮುಖ್ಯರು. ಯುನಾನಿ ವೈದ್ಯದಲ್ಲಿ ಮೂತ್ರ ಹಿಡಿಯುವ ಗಾಜಿನ ಪಾತ್ರೆಗೆ ಕಾರೂರಾ ಎಂದು ಹೆಸರು. ಕಾಲಕ್ರಮದಲ್ಲಿ ಪರೀಕ್ಷೆಗೆ ತಂದ ಮೂತ್ರಕ್ಕೂ ಅದೇ ಹೆಸರು ನಿಂತಿತು. ನಮ್ಮ ಊರುಗಳ ಹಿರಿಯರಲ್ಲಿ ಹಕೀಮರ ದವಾಖಾನೆಗೆ ಕಾರೂರಾ ಒಯ್ದವರು ಇದ್ದಿರಬಹುದು, ಕೇಳಿ ನೋಡಿ. ಬೆಂಗಳೂರಿನಿಂದ ಮಾಗಡಿಗೆ ಹೋಗುವ ಮುಖ್ಯರಸ್ತೆಯ ಕೊಟ್ಟಿಗೆಪಾಳ್ಯದಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯ ಮುಂದೆ ನಿಮ್ಮಲ್ಲಿ ಅನೇಕರು ಬಸ್ಸಿನಲ್ಲಿ ಹಾದುಹೋಗಿರುತ್ತೀರಿ. ಆ ಪರಂಪರೆ ಅಲ್ಲಿ ಇಂದಿಗೂ ಪಾಠವಾಗಿ ನಡೆಯುತ್ತಿದೆ.

ಬುಖಾರಾದ ಬಳಿ ಹುಟ್ಟಿ 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತಮ್ಮ 'ಅಲ್-ಖಾನೂನ್ ಫಿತ್ತಿಬ್ಬ್' ಗ್ರಂಥದಲ್ಲಿ ಮೂತ್ರ ಪರೀಕ್ಷೆಗೆ ನಿಯಮಗಳನ್ನು ಹಾಕಿಕೊಟ್ಟರು. ಬೆಳಗಿನ ಮೊದಲ ಮೂತ್ರವನ್ನೇ ಹಿಡಿಯಬೇಕು. ಅದಕ್ಕೆ ಮುಂಚೆ ಏನನ್ನೂ ತಿಂದಿರಬಾರದು, ಕುಡಿದಿರಬಾರದು. ಕೇಸರಿಯಂಥ ಬಣ್ಣ ಬಿಡುವ ಪದಾರ್ಥವನ್ನು ಸೇವಿಸಿರಬಾರದು. ಬಸುರಿಯ ಮೂತ್ರದಲ್ಲಿ ಹಿಂಜಿದ ಹತ್ತಿಯಂಥ ಮೋಡ ಕಾಣುತ್ತದೆ ಎಂದೂ ಅವರು ಬರೆದರು. ಹತ್ತಿಯ ಮೋಡವನ್ನು ಇಂದು ಯಾವ ವೈದ್ಯರೂ ಖಚಿತ ಗುರುತೆಂದು ಒಪ್ಪುವುದಿಲ್ಲ. ಆದರೆ 'ಬೆಳಗಿನ ಮೊದಲ ಮೂತ್ರ' ಎಂಬ ಸಲಹೆಯನ್ನು ಇಂದಿನ ಕಿಟ್ಟಿನ ಜೊತೆ ಬರುವ ಚೀಟಿಯಲ್ಲೂ ಕಾಣಬಹುದು. ರಾತ್ರಿಯಿಡೀ ನಿಂತ ಮೂತ್ರ ಹೆಚ್ಚು ಗಟ್ಟಿಯಾಗಿರುತ್ತದೆ, ಅದರಲ್ಲಿರುವುದು ಬೇಗ ಪತ್ತೆಯಾಗುತ್ತದೆ ಎಂಬುದು ಇದರ ಕಾರಣ.

ಇಲ್ಲಿ ಇನ್ನೊಂದು ಮಾತನ್ನೂ ಗಮನಿಸಬೇಕು. ಬಸುರು ಇದೆಯೋ ಇಲ್ಲವೋ ಎಂದು ತಿಳಿಯುವ ಸಾಧನವಿಲ್ಲದ ಕಾಲದಲ್ಲಿ ಕಾನೂನು ಕಾಯುವಿಕೆಯನ್ನೇ ಪರೀಕ್ಷೆಯಾಗಿ ಬಳಸಿಕೊಂಡಿತು. ತಲಾಖಾದ ಹೆಣ್ಣಿಗೆ ಮೂರು ಋತುಚಕ್ರಗಳ ಇದ್ದತ್, ಗಂಡನನ್ನು ಕಳೆದುಕೊಂಡವಳಿಗೆ ನಾಲ್ಕು ತಿಂಗಳು ಹತ್ತು ದಿನ, ಬಸುರಿಯಾಗಿದ್ದರೆ ಹೆರಿಗೆಯವರೆಗೆ ಎಂಬ ನಿಯಮ ನಿಮಗೆ ಗೊತ್ತು. ಇದ್ದತ್‌ಗೆ ಬಸುರು ತಿಳಿಯುವುದೊಂದೇ ಕಾರಣವಲ್ಲ, ಆದ್ದರಿಂದ ಕಾರ್ಡು ನೋಡಿ ಅದನ್ನು ಮೊಟಕುಗೊಳಿಸಲಾಗದು ಎಂದು ಉಲೇಮಾಗಳು ಹೇಳುತ್ತಾರೆ. ಚರಿತ್ರೆಯ ದೃಷ್ಟಿಯಿಂದ ಮುಖ್ಯವಾದ ಅಂಶ ಬೇರೆಯೇ ಇದೆ. ತನ್ನ ಗರ್ಭದಲ್ಲಿರುವುದನ್ನು ಬಚ್ಚಿಡಬಾರದೆಂದು ಹೆಣ್ಣಿಗೇ ಹೇಳಲಾಯಿತು. ಅಂದರೆ ಈ ವಿಷಯದಲ್ಲಿ ಸಾಕ್ಷಿ ಅವಳೇ, ಅವಳ ಮಾತಿಗೆ ಬೆಲೆಯಿದೆ ಎಂದು ಒಪ್ಪಿಕೊಂಡಂತಾಯಿತು. ಈ ಅಂಶಕ್ಕೆ ಲೇಖನದ ಕೊನೆಯಲ್ಲಿ ಮರಳೋಣ.

ಇಲಿ, ಮೊಲ, ಕಪ್ಪೆ

ಗರ್ಭ ಕಟ್ಟಿದ ಮೇಲೆ ಮಾಸಾಗಿ ಬೆಳೆಯಲಿರುವ ಜೀವಕೋಶಗಳು ಒಂದು ಹಾರ್ಮೋನನ್ನು ತಯಾರಿಸುತ್ತವೆ. ಅದಕ್ಕೆ ಎಚ್‌ಸಿಜಿ ಎಂದು ಹೆಸರು. ಅದು ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೊರಬರುತ್ತದೆ. ಮೊದಲ ವಾರಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ಅದರ ಪ್ರಮಾಣ ಇಮ್ಮಡಿಯಾಗುತ್ತ ಹೋಗುತ್ತದೆ. ಪ್ರಾಚೀನರು ಹುಡುಕುತ್ತಿದ್ದ 'ಏನೋ ಒಂದ'ರ ಖಚಿತ ಗುರುತು ಇದು.

ಇದರ ಜಾಡನ್ನು ಹಿಡಿದವರು ಬರ್ಲಿನ್ನಿನ ವೈದ್ಯರಾದ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಝೊಂಡೆಕ್. 1928ರ ಹೊತ್ತಿಗೆ ಅವರು ರೂಪಿಸಿದ ಪರೀಕ್ಷೆಯಲ್ಲಿ ಹೆಂಗಸಿನ ಮೂತ್ರವನ್ನು ಪ್ರಾಯಕ್ಕೆ ಬಾರದ ಹೆಣ್ಣಿಲಿಗಳಿಗೆ ಚುಚ್ಚುತ್ತಿದ್ದರು. ಸುಮಾರು ನಾಲ್ಕು ದಿನಗಳ ನಂತರ ಇಲಿಗಳನ್ನು ಕೊಂದು ಅವುಗಳ ಅಂಡಾಶಯ ಬೆಳೆದಿದೆಯೇ ಎಂದು ನೋಡುತ್ತಿದ್ದರು. ಇಬ್ಬರೂ ಯಹೂದಿ ಮನೆತನದವರು. 1933ರಲ್ಲಿ ಹಿಟ್ಲರನ ಆಡಳಿತ ಬಂದ ಮೇಲೆ ಇಬ್ಬರೂ ದೇಶ ಬಿಡಬೇಕಾಯಿತು. ಧರ್ಮದ ಹೆಸರಿನಲ್ಲಿ ವಿದ್ವಾಂಸರನ್ನು ಓಡಿಸುವ ನಾಡು ತನಗೇ ನಷ್ಟ ಮಾಡಿಕೊಳ್ಳುತ್ತದೆ ಎಂಬುದಕ್ಕೆ ಇದೂ ಒಂದು ನಿದರ್ಶನ.

1931ರಲ್ಲಿ ಅಮೆರಿಕದ ಮಾರಿಸ್ ಫ್ರೀಡ್‌ಮನ್ ಇಲಿಯ ಜಾಗದಲ್ಲಿ ಮೊಲವನ್ನು ಬಳಸಿದರು. ಫಲಿತಾಂಶ ಎರಡು ದಿನದಲ್ಲೇ ಸಿಗತೊಡಗಿತು. ಮೊಲ ಸತ್ತರೆ ಬಸುರು ಎಂಬ ತಪ್ಪು ತಿಳಿವಳಿಕೆ ಆಗ ಹಬ್ಬಿತು. ನಿಜದಲ್ಲಿ ಫಲಿತಾಂಶ ಏನೇ ಆಗಲಿ, ಅಂಡಾಶಯ ನೋಡಲು ಮೊಲವನ್ನು ಕೊಲ್ಲಲೇಬೇಕಿತ್ತು.

ಕಪ್ಪೆ ಬಂದ ಮೇಲೆ ಈ ಕೊಲೆ ತಪ್ಪಿತು. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಲ್ಯಾನ್ಸೆಲಾಟ್ ಹಾಗ್‌ಬೆನ್ ನಡೆಸಿದ ಸಂಶೋಧನೆಯ ಬೆನ್ನಲ್ಲೇ, ಅಲ್ಲಿನ ಝೆನೋಪಸ್ ಎಂಬ ಹೆಣ್ಣುಕಪ್ಪೆಗೆ ಬಸುರಿಯ ಮೂತ್ರ ಚುಚ್ಚಿದರೆ ಮಾರನೆಯ ಬೆಳಗಾಗುವಷ್ಟರಲ್ಲಿ ಅದು ಮೊಟ್ಟೆಯಿಡುತ್ತದೆ ಎಂಬುದು 1930ರ ದಶಕದಲ್ಲಿ ಖಚಿತವಾಯಿತು. ಸಾವಿರಾರು ಕಪ್ಪೆಗಳು ಹಡಗಿನಲ್ಲಿ ಬೇರೆ ಬೇರೆ ದೇಶಗಳಿಗೆ ಹೋದವು. 1947ರಲ್ಲಿ ಅರ್ಜೆಂಟೀನಾದ ಗಾಲಿ ಮೈನಿನಿ ಗಂಡು ನೆಲಗಪ್ಪೆಯಿಂದ ಕೆಲವೇ ಗಂಟೆಗಳಲ್ಲಿ ಉತ್ತರ ಪಡೆಯುವ ದಾರಿ ತೋರಿಸಿದರು.

ಅದೇ ಕಾಲದಲ್ಲಿ ನಮ್ಮ ಕಡೆ ಏನಾಗುತ್ತಿತ್ತು? ನಮ್ಮ ನಾಲ್ಕೂ ತಾಲ್ಲೂಕುಗಳು ಸೇರಿದ್ದ ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲಿ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರಗಳನ್ನು ತೆರೆಯಲು ಆದೇಶಿಸಿತ್ತು. ಸರ್ಕಾರವೇ ಇಂಥ ಕೇಂದ್ರ ತೆರೆದದ್ದು ಜಗತ್ತಿನಲ್ಲೇ ಮೊದಲ ಸಲ ಎಂದು ಅದನ್ನು ಗುರುತಿಸುತ್ತಾರೆ. ಆದರೆ ಕ್ಲೋಸ್‌ಪೇಟೆಯೆಂದು ಕರೆಯುತ್ತಿದ್ದ ಇಂದಿನ ರಾಮನಗರದ ಸಾಮಾನ್ಯ ಹೆಣ್ಣುಮಗಳಿಗೆ ಇಲಿ, ಮೊಲ, ಕಪ್ಪೆಗಳ ಪ್ರಯೋಗಶಾಲೆ ಎಟುಕುವಂತಿರಲಿಲ್ಲ. ಎಲ್ಲಿಯೇ ಆದರೂ ಅಂಥ ಪರೀಕ್ಷೆ ವೈದ್ಯರ ಚೀಟಿಯ ಮೇಲೆ ನಡೆಯುತ್ತಿತ್ತು, ಫಲಿತಾಂಶವೂ ವೈದ್ಯರ ಕೈಗೇ ಹೋಗುತ್ತಿತ್ತು. ಯಾರ ದೇಹದ ಸುದ್ದಿಯೋ ಅವಳಿಗೆ ಅದು ತಲುಪುತ್ತಿದ್ದುದು ಕೊನೆಗೆ.

ಮಾತ್ರೆಯ ಕಹಿ ಅಧ್ಯಾಯ

ಈ ಚರಿತ್ರೆಯಲ್ಲಿ ನಾವು ಮರೆಯಬಾರದ ಒಂದು ಕಹಿ ಅಧ್ಯಾಯವಿದೆ. ಎರಡನೆಯ ಮಹಾಯುದ್ಧದ ನಂತರ ಹಾರ್ಮೋನುಗಳನ್ನು ಮಾತ್ರೆಯ ರೂಪದಲ್ಲಿ ಕೊಟ್ಟು ಬಸುರು ಪತ್ತೆ ಮಾಡುವ ಪದ್ಧತಿ ಹಲವು ದೇಶಗಳಲ್ಲಿ ಬಂತು. ತಿಂಗಳು ತಪ್ಪಿದವಳು ಮಾತ್ರೆ ನುಂಗಬೇಕು. ಮುಟ್ಟಾದರೆ ಬಸುರಿಲ್ಲ, ಆಗದಿದ್ದರೆ ಬಸುರು. ಇದು ಸುಲಭವಾಗಿ ಕಂಡರೂ, ಅವಳು ಬಸುರಿಯೇ ಆಗಿದ್ದರೆ ಹೊಟ್ಟೆಯ ಎಳೆಯ ಜೀವಕ್ಕೂ ಆ ಔಷಧ ತಲುಪುತ್ತಿತ್ತು. ಹುಟ್ಟುವ ಮಕ್ಕಳಲ್ಲಿ ಅಂಗವೈಕಲ್ಯ ಬರಬಹುದೆಂಬ ಆತಂಕ 1967ರಿಂದ ವೈದ್ಯ ಪತ್ರಿಕೆಗಳಲ್ಲಿ ಕೇಳಿಬಂತು. ಇಂಥ ಮಾತ್ರೆಯೊಂದು ಬ್ರಿಟನ್ನಿನ ಮಾರುಕಟ್ಟೆಯಿಂದ 1978ರಲ್ಲಿ ಹೊರಬಿತ್ತು.

ಭಾರತದಲ್ಲಿ ಈ ಬಗೆಯ ಹೆಚ್ಚು ಪ್ರಮಾಣದ ಈಸ್ಟ್ರೋಜನ್-ಪ್ರೊಜೆಸ್ಟರೋನ್ ಔಷಧಗಳನ್ನು ಜನ 'ಇ.ಪಿ. ಮಾತ್ರೆ' ಎಂದು ಕರೆಯುತ್ತಿದ್ದರು. ಬಸುರಿನ ಪರೀಕ್ಷೆಗೆಂದು, ಕೆಲವೊಮ್ಮೆ ಬಸುರು ಇಳಿಸಬಹುದೆಂಬ ತಪ್ಪು ನಂಬಿಕೆಯಿಂದ, ಹೆಂಗಸರು ಇದನ್ನು ನುಂಗುತ್ತಿದ್ದರು. ಮಹಿಳಾ ಸಂಘಟನೆಗಳೂ ಆರೋಗ್ಯ ಕಾರ್ಯಕರ್ತರೂ ದನಿಯೆತ್ತಿದ ಮೇಲೆ 1982ರಲ್ಲಿ ನಿಷೇಧದ ಆಜ್ಞೆ ಹೊರಟಿತು. ತಯಾರಕರು ನ್ಯಾಯಾಲಯದಿಂದ ತಡೆ ತಂದರು. ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಈ ಹೋರಾಟದಲ್ಲಿ ಸಾರ್ವಜನಿಕ ವಿಚಾರಣೆಗಳು ನಡೆದು, ಕೊನೆಗೆ 1988ರಲ್ಲಿ ನಿಷೇಧ ಜಾರಿಗೆ ಬಂತು. ಸರಿಯಾದ ತಿಳಿವಳಿಕೆ ಸಿಗದ ಕಡೆ ಹೆಣ್ಣು ಸಿಕ್ಕಿದ್ದನ್ನು ನುಂಗುತ್ತಾಳೆ. ಇಂದಿಗೂ ತಿಂಗಳು ತಪ್ಪಿದೊಡನೆ ಔಷಧದ ಅಂಗಡಿಗೆ ಹೋಗಿ 'ಮುಟ್ಟು ಬರುವ ಮಾತ್ರೆ' ಕೇಳುವವರಿದ್ದಾರೆ. ಇದನ್ನು ಓದುವ ನೀವು ಅಂಥವರನ್ನು ತಡೆದು ಮೊದಲು ಪರೀಕ್ಷೆ, ಆಮೇಲೆ ವೈದ್ಯರ ಸಲಹೆ ಎಂದು ಹೇಳಬೇಕು.

ಪರೀಕ್ಷೆ ಮನೆಗೆ ಬಂದದ್ದು

1960ರಲ್ಲಿ ಸ್ವೀಡನ್ನಿನ ಲೀಫ್ ವೀಡೆ ಮತ್ತು ಕಾರ್ಲ್ ಗೆಮ್ಜೆಲ್ ಜೀವಂತ ಪ್ರಾಣಿಯ ಅಗತ್ಯವೇ ಇಲ್ಲದ ಪರೀಕ್ಷೆಯನ್ನು ಪ್ರಕಟಿಸಿದರು. ಎಚ್‌ಸಿಜಿಯನ್ನು ಗುರುತು ಹಿಡಿಯುವ ಪ್ರತಿಕಾಯಗಳನ್ನೂ ಕುರಿಯ ಕೆಂಪು ರಕ್ತಕಣಗಳನ್ನೂ ಬಳಸಿ ಗಾಜಿನ ನಳಿಗೆಯಲ್ಲೇ ಇದನ್ನು ಮಾಡಬಹುದಿತ್ತು. ಬಸುರಿದ್ದರೆ ನಳಿಗೆಯ ತಳದಲ್ಲಿ ಉಂಗುರದ ಆಕಾರ ಮೂಡುತ್ತಿತ್ತು.

1967ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಆರ್ಗನಾನ್ ಎಂಬ ಔಷಧ ಕಂಪನಿಯಲ್ಲಿ ಮಾರ್ಗರೇಟ್ ಕ್ರೇನ್ ಎಂಬ ಯುವತಿ ಕೆಲಸಕ್ಕಿದ್ದರು. ಅವರು ವಿಜ್ಞಾನಿಯಲ್ಲ, ಪ್ಯಾಕೆಟ್ಟುಗಳ ಮೇಲಿನ ಚಿತ್ರ ಬರೆಯುವ ಕಲಾವಿದೆ. ಪ್ರಯೋಗಶಾಲೆಯಲ್ಲಿ ಕನ್ನಡಿಯ ಮೇಲೆ ಸಾಲಾಗಿ ತೂಗುಹಾಕಿದ ನಳಿಗೆಗಳನ್ನು ಕಂಡು ಇವೇನೆಂದು ಕೇಳಿದರು. ಬಸುರಿನ ಪರೀಕ್ಷೆ ಎಂಬ ಉತ್ತರ ಬಂತು. ಇಷ್ಟು ಸರಳವಾದದ್ದನ್ನು ಹೆಂಗಸರು ಮನೆಯಲ್ಲೇ ಏಕೆ ಮಾಡಬಾರದು ಎಂದು ಅವರಿಗನ್ನಿಸಿತು. ತಮ್ಮ ಮೇಜಿನ ಮೇಲಿದ್ದ, ಕಾಗದದ ಕ್ಲಿಪ್ಪುಗಳನ್ನು ಇಡುವ ಪಾರದರ್ಶಕ ಡಬ್ಬಿಯಿಂದ ಪ್ರೇರಣೆ ಪಡೆದು, ನಳಿಗೆ, ಹನಿ ಹಾಕುವ ಕಡ್ಡಿ, ಕನ್ನಡಿ ಇರುವ ಒಂದು ಪೆಟ್ಟಿಗೆ ಮಾಡಿದರು. ಕಂಪನಿಯ ಹಿರಿಯರು ಮೊದಲು ಒಪ್ಪಲಿಲ್ಲ. ವೈದ್ಯರಿಗೆ ಕೋಪ ಬಂದೀತು ಎಂಬ ಭಯ ಅವರದು. 1971ರಲ್ಲಿ ಕ್ರೇನ್ ಹೆಸರಿಗೆ ಪೇಟೆಂಟ್ ಬಂತು. ಹಕ್ಕನ್ನು ಕಂಪನಿಗೆ ಬಿಟ್ಟುಕೊಡಲು ಅವರಿಗೆ ಗೊತ್ತುಮಾಡಿದ ಹಣ ಒಂದು ಡಾಲರ್! ಅದೇ ವರ್ಷ 'ಪ್ರಿಡಿಕ್ಟರ್' ಎಂಬ ಹೆಸರಿನಲ್ಲಿ ಕಿಟ್ ಕೆನಡಾದಲ್ಲಿ ಮಾರಾಟಕ್ಕೆ ಬಂತು. ಅವರು ಮಾಡಿದ ಮೊದಲ ಪೆಟ್ಟಿಗೆಯನ್ನು 2015ರಲ್ಲಿ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯ ಹರಾಜಿನಲ್ಲಿ ಕೊಂಡಿತು.

ಆ ಕಾಲದ ಮನೆ ಪರೀಕ್ಷೆಗೆ ಸುಮಾರು ಎರಡು ಗಂಟೆ ಹಿಡಿಯುತ್ತಿತ್ತು, ಪೆಟ್ಟಿಗೆ ಅಲುಗಿದರೆ ಕೆಡುತ್ತಿತ್ತು. ಮುಂದಿನ ಸುಧಾರಣೆಗಳು ಒಂದರ ಹಿಂದೊಂದು ಬಂದವು. 1972ರಲ್ಲಿ ಜುಡಿತ್ ವೈಟುಕೈಟಿಸ್ ಮತ್ತು ಸಂಗಡಿಗರು ಎಚ್‌ಸಿಜಿಯನ್ನು ಅದರಂತೆಯೇ ಇರುವ ಬೇರೆ ಹಾರ್ಮೋನುಗಳಿಂದ ಬೇರ್ಪಡಿಸಿ ಗುರುತಿಸುವ ವಿಧಾನ ಕಂಡುಕೊಂಡರು. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ದಾರಿ ತೋರಿಸಿದರು. 1984ರ ನೊಬೆಲ್ ಬಹುಮಾನ ಅವರಿಗೂ ನೀಲ್ಸ್ ಯೆರ್ನೆ ಅವರಿಗೂ ಸಂದಿತು. 1988ರಲ್ಲಿ ಬ್ರಿಟನ್ನಿನಲ್ಲಿ ಒಂದೇ ಹಂತದ ಪಟ್ಟಿ ಮಾರುಕಟ್ಟೆಗೆ ಬಂತು.

ಇಂದು ನಮ್ಮ ಕೈಯಲ್ಲಿರುವ ಕಾರ್ಡು ಅದೇ ವಂಶದ್ದು. ಒಳಗಿರುವ ಕಾಗದದ ಪಟ್ಟಿ ಮೂತ್ರವನ್ನು ಬತ್ತಿಯಂತೆ ಹೀರಿಕೊಳ್ಳುತ್ತದೆ. ದಾರಿಯಲ್ಲಿ ಬಣ್ಣದ ಕಣ ಅಂಟಿಸಿದ ಪ್ರತಿಕಾಯಗಳು ಎಚ್‌ಸಿಜಿಯನ್ನು ಹಿಡಿಯುತ್ತವೆ. 'ಟಿ' ಎಂಬ ಕಡೆ ಕಾದಿರುವ ಇನ್ನೊಂದು ಸಾಲಿನ ಪ್ರತಿಕಾಯಗಳು ಅವನ್ನು ತಡೆದು ನಿಲ್ಲಿಸಿದಾಗ ಗೆರೆ ಮೂಡುತ್ತದೆ. 'ಸಿ' ಎಂಬ ಗೆರೆ ಕಾರ್ಡು ಸರಿಯಾಗಿ ಕೆಲಸ ಮಾಡಿದೆ ಎಂದು ತಿಳಿಸುತ್ತದೆ. ಕೋವಿಡ್ ಕಾಲದಲ್ಲಿ ನೀವು ಕಂಡ ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆಯೂ ಇದೇ ತತ್ವದ ಮೇಲೆ ನಡೆದದ್ದು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ

2005ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾಯಿತು. ಹಳ್ಳಿಯ ಹೆಣ್ಣುಮಗಳೊಬ್ಬಳನ್ನೇ ಆಶಾ ಕಾರ್ಯಕರ್ತೆಯಾಗಿ ಆರಿಸುವ ಪದ್ಧತಿ ಬಂತು. ಆ ಅಭಿಯಾನದಡಿ 'ನಿಶ್ಚಯ್' ಎಂಬ ಹೆಸರಿನ ಗರ್ಭ ಪರೀಕ್ಷೆಯ ಕಿಟ್ ಆಶಾ ಕಾರ್ಯಕರ್ತೆಯರ ಚೀಲ ಸೇರಿತು. 2007ರ ಆಗಸ್ಟಿನಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರು ಪಡೆದ ನಮ್ಮ ಸೀಮೆಗೂ ಪರೀಕ್ಷೆ ಹೀಗೆ ಮನೆಬಾಗಿಲಿಗೆ ಬಂತು. ಔಷಧದ ಅಂಗಡಿಗಳಲ್ಲಿ ಬೇರೆ ಬೇರೆ ಕಂಪನಿಗಳ ಕಾರ್ಡುಗಳೂ ಸಿಗುತ್ತವೆ.

ಬೇಗ ತಿಳಿಯುವುದು ಏಕೆ ಮುಖ್ಯ? ಮಗುವಿನ ಮೆದುಳು ಮತ್ತು ಬೆನ್ನುಹುರಿಯ ಮೂಲವಾದ ನರನಾಳ ಗರ್ಭ ಕಟ್ಟಿದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಅಂದರೆ ತಿಂಗಳು ತಪ್ಪಿ ಎರಡು ವಾರ ಆಗುವಷ್ಟರಲ್ಲಿ ಒಂದು ದೊಡ್ಡ ಕೆಲಸ ಮುಗಿದೇ ಹೋಗಿರುತ್ತದೆ. ಆದ್ದರಿಂದಲೇ ಫೋಲಿಕ್ ಆಮ್ಲದ ಮಾತ್ರೆಯನ್ನು ಬಸುರಿಗೆ ಮುಂಚಿನಿಂದಲೇ ತೆಗೆದುಕೊಳ್ಳಲು ವೈದ್ಯರು ಹೇಳುತ್ತಾರೆ. ಮಧುಮೇಹಕ್ಕೋ ಮೂರ್ಛೆರೋಗಕ್ಕೋ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೂಡಲೇ ಕಾಣಬೇಕು. ಎಕ್ಸ್‌ರೇ ತೆಗೆಸುವ ಮುನ್ನ ಹೇಳಬೇಕು. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಬಿಸಿನೀರಿನ ಬೇಸಿನ್ ಮುಂದೆ ದಿನವಿಡೀ ದುಡಿಯುವವರಿಗೆ, ಚನ್ನಪಟ್ಟಣದ ಗೊಂಬೆ ಕಾರ್ಖಾನೆಗಳಲ್ಲಿ ಮರದ ದೂಳಿನ ನಡುವೆ ಕೂರುವವರಿಗೆ, ಕನಕಪುರ, ಮಾಗಡಿಗಳಿಂದ ಗಾರ್ಮೆಂಟ್ಸ್ ಕೆಲಸಕ್ಕೆ ಬಸ್ಸು ಹತ್ತುವವರಿಗೆ ಬೇಗ ತಿಳಿದರೆ ಕೆಲಸದ ಭಾರ ತಗ್ಗಿಸಿಕೊಳ್ಳಲು, ಊಟ ವಿಶ್ರಾಂತಿಯ ಬಗ್ಗೆ ಮಾತಾಡಲು ಅವಕಾಶವಾಗುತ್ತದೆ.

ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 2001-03ರಲ್ಲಿ 228 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ಇದಕ್ಕೆ ಕಾರ್ಡು ಒಂದೇ ಕಾರಣವಲ್ಲ. ಆಸ್ಪತ್ರೆಯ ಹೆರಿಗೆ, ಆಂಬುಲೆನ್ಸ್, ರಕ್ತ, ತರಬೇತಾದ ದಾದಿಯರು ಎಲ್ಲವೂ ಸೇರಿ ಆದ ಕೆಲಸ ಇದು. ಆದರೆ ಈ ಸರಪಳಿಯ ಮೊದಲ ಕೊಂಡಿ ಬಸುರು ಬೇಗ ತಿಳಿಯುವುದು. ತಿಳಿದರೆ ಮೊದಲ 12 ವಾರಗಳೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಬಹುದು. ರಕ್ತಹೀನತೆ ಇದೆಯೇ ಎಂದು ನೋಡಿಸಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಬಸುರಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆ ಇತ್ತು ಎಂಬುದನ್ನು ನೆನಪಿಡಿ.

ಪರೀಕ್ಷೆ ಮಾಡುವವರು ಕೆಲವು ಮಾತು ತಿಳಿದಿರಬೇಕು. ತಿಂಗಳು ತಪ್ಪಿದ ಮೇಲೆ ಬೆಳಗಿನ ಮೊದಲ ಮೂತ್ರದಿಂದ ಮಾಡಿ. ಕಾರ್ಡಿನ ಅವಧಿ ಮುಗಿದಿಲ್ಲವೆಂದು ನೋಡಿಕೊಳ್ಳಿ. ಚೀಟಿಯಲ್ಲಿ ಹೇಳಿದಷ್ಟೇ ಹೊತ್ತು ಕಾಯಿರಿ, ತೀರ ತಡವಾಗಿ ಕಾಣುವ ಗೆರೆಯನ್ನು ನಂಬಬೇಡಿ. 'ಟಿ' ಗೆರೆ ಮಸುಕಾಗಿದ್ದರೂ ಅದು ಗೆರೆಯೇ. 'ಸಿ' ಮಾತ್ರ ಬಂದು ಮುಟ್ಟು ಬಾರದಿದ್ದರೆ ಒಂದು ವಾರದ ನಂತರ ಮತ್ತೆ ನೋಡಿ. 'ಸಿ' ಗೆರೆಯೇ ಬಾರದಿದ್ದರೆ ಆ ಕಾರ್ಡು ಕೆಟ್ಟಿದೆ. ಎರಡು ಗೆರೆ ಬಂದು ಹೊಟ್ಟೆಯ ಒಂದು ಕಡೆ ತೀವ್ರ ನೋವು, ರಕ್ತಸ್ರಾವ, ತಲೆಸುತ್ತು ಕಂಡರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಗರ್ಭ ನಾಳದಲ್ಲಿ ಕಟ್ಟಿರಬಹುದು, ಅದು ಜೀವಕ್ಕೆ ಅಪಾಯ. ಗರ್ಭ ಎಲ್ಲಿದೆ ಎಂಬುದನ್ನು ಕಾರ್ಡು ಹೇಳಲಾರದು. ಗಂಡೋ ಹೆಣ್ಣೋ ಎಂಬುದನ್ನಂತೂ ಯಾವ ಕಾರ್ಡೂ ಹೇಳುವುದಿಲ್ಲ. ಅದನ್ನು ತಿಳಿಯಲು ಸ್ಕ್ಯಾನಿಂಗ್ ಮೊರೆಹೋಗುವುದು 1994ರ ಕಾಯ್ದೆಯ ಪ್ರಕಾರ ಅಪರಾಧ.

ಕಾರ್ಡು ಯಾರ ಕೈಯಲ್ಲಿ?

ಈಗ ಹಿಂದೆ ಹೇಳಿದ ಸಾಕ್ಷಿಯ ಮಾತಿಗೆ ಬರೋಣ. ಅದೇ ಕಾರ್ಡು ಹೆಣ್ಣಿನ ಕೈಯಲ್ಲಿದ್ದರೆ ಅವಳ ತಿಳಿವಳಿಕೆ. ಬೇರೆಯವರು ಅವಳ ಮೇಲೆ ಪ್ರಯೋಗಿಸಿದರೆ ಅದು ತಪಾಸಣೆ. 2023ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶದ ಡಿಂಡೋರಿ ಜಿಲ್ಲೆಯಲ್ಲಿ ಸರ್ಕಾರಿ ಸಾಮೂಹಿಕ ವಿವಾಹಕ್ಕೆ ಬಂದ ವಧುಗಳಿಗೆ ಗರ್ಭ ಪರೀಕ್ಷೆ ಮಾಡಿದ್ದು ದೊಡ್ಡ ವಿವಾದವಾಯಿತು. ಬಡವರ ಮನೆಯ ಹೆಣ್ಣುಮಕ್ಕಳ ಮಾನ ಊರ ಮುಂದೆ ಚರ್ಚೆಗೆ ಬಂತು. ಅದಕ್ಕೂ ಬಹಳ ಮುಂಚೆ, 1991ರಲ್ಲಿ, ನೀರಾ ಮಾಥುರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಉದ್ಯೋಗದ ಅರ್ಜಿಯಲ್ಲಿ ಮುಟ್ಟಿನ ದಿನಾಂಕ, ಬಸುರಿನ ವಿವರ ಕೇಳುವುದು ಹೆಣ್ಣಿನ ಘನತೆಗೆ ತಕ್ಕುದಲ್ಲವೆಂದು ಹೇಳಿ, ಆ ಪ್ರಶ್ನೆಗಳನ್ನು ತೆಗೆಯುವಂತೆ ಜೀವ ವಿಮಾ ನಿಗಮಕ್ಕೆ ಸೂಚಿಸಿತ್ತು.

ಸರ್ಕಾರ, ಕಂಪನಿಗಳ ಮಾತು ಹಾಗಿರಲಿ. ನಮ್ಮ ಮನೆಗಳಲ್ಲಿ ಹೇಗಿದ್ದೇವೆ? ಮದುವೆಯಾಗಿ ಮೂರು ತಿಂಗಳಾಗುವಷ್ಟರಲ್ಲಿ 'ಏನಾದರೂ ವಿಶೇಷವೇ?' ಎಂದು ಕೇಳುವ ನೆಂಟರು, ತಿಂಗಳು ತಿಂಗಳೂ ಕಾರ್ಡು ತಂದು ಕೊಡುವ ಹಿರಿಯರು, ಒಂದೇ ಗೆರೆ ಬಂದಾಗ ಮುಖ ಸಣ್ಣದು ಮಾಡಿಕೊಳ್ಳುವ ಗಂಡಂದಿರು ನಮ್ಮಲ್ಲಿಲ್ಲವೇ? ಮಗು ಆಗದಿದ್ದರೆ ದೋಷ ಹೆಣ್ಣಿನದೇ ಎಂದು ತೀರ್ಮಾನಿಸುವ ಮೊದಲು ಗಂಡನೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬುದನ್ನು ಎಷ್ಟು ಮನೆಗಳು ಒಪ್ಪುತ್ತವೆ? ಮೂರು ಸಾವಿರ ವರ್ಷ ನಡೆದು ಅವಳ ಕೈಗೆ ಬಂದ ತಿಳಿವಳಿಕೆಯನ್ನು ನಾವು ಮತ್ತೆ ಅವಳ ಕೈಯಿಂದ ಕಿತ್ತುಕೊಳ್ಳಬಾರದು.

ವಿದ್ಯಾರ್ಥಿಗಳೇ, ವಿಜ್ಞಾನದ ಪಾಠದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ ತಲೆ ತಗ್ಗಿಸಿ ಪುಟ ತಿರುವಬೇಡಿ. ನಾಳೆ ನಿಮ್ಮಲ್ಲಿ ಕೆಲವರು ದಾದಿಯರಾಗುತ್ತೀರಿ, ಲ್ಯಾಬ್ ತಂತ್ರಜ್ಞರಾಗುತ್ತೀರಿ, ವೈದ್ಯರಾಗುತ್ತೀರಿ. ಎಲ್ಲರೂ ಯಾರದೋ ಅಣ್ಣ, ಅಕ್ಕ, ಗಂಡ, ಅತ್ತೆ ಆಗುತ್ತೀರಿ. ಮನೆಯ ಹೆಣ್ಣುಮಗಳು ಬಚ್ಚಲುಮನೆಯಿಂದ ಹೊರಬಂದಾಗ ಅವಳೇ ಬಾಯಿಬಿಟ್ಟು ಹೇಳುವವರೆಗೆ ಕಾಯುವುದನ್ನು ಕಲಿಯಿರಿ. ಎರಡು ಗೆರೆಯಾದರೆ ಅವಳ ಜೊತೆ ಆಸ್ಪತ್ರೆಗೆ ನಡೆಯಿರಿ. ಒಂದೇ ಗೆರೆಯಾದರೆ ಏನೂ ಆಗಿಲ್ಲವೆಂಬಂತೆ ಅವಳಿಗೊಂದು ಲೋಟ ಚಹಾ ಕೊಡಿ.